ಮುತ್ತಿನ ಬಾಗಿಲಲ್ಲಿ ನಿಂತ ಮಾವ

ನಮ್ಮ ಅತ್ತೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಊರಿನವರೆಲ್ಲರ ಜೊತೆ ಜಗಳ ಆಡಬಲ್ಲಳು. ಅಪ್ಪನ ತಂಗಿ ಅವಳು. ಮದುವೆಯ ಬಿಳಿ ಗೌನು ಹೊಲಿಯುವುದು ಅವಳ ಕಸುಬು, ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಯ ಕಡೆಗೊಂದು ಕಿಟಕಿ, ಅದಕ್ಕೆ ಒತ್ತಿಕೊಂಡ ಹಾಗೆ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಮೂಲೆಯಲ್ಲಿ ತಲೆಯಿಲ್ಲದ ಗೊಂಬೆ, ನೆಲದ ತುಂಬ ದಾರದ ಚೂರು. ಮಹಡಿಯಲ್ಲಿ ನಾನಿದ್ದೇನೆ. ಔಷಧಿ ಅಂಗಡಿಯ ಕೆಲಸಕ್ಕೆ ಹೋದರೆ ನನ್ನ ತೋಳಿಗೆ ಅಂಟಿದ ಬಿಳಿ ದಾರ ನೋಡಿ, "ಏನಮ್ಮ, ಮದುವೆ ಜೋರಾ?" ಎಂದು ಕೇಳದ ಗಿರಾಕಿಯಿಲ್ಲ. ಮದುವೆಯಾಗದವಳ ಬೆನ್ನಿಗೆ ಬಿದ್ದರೆ ಜನಕ್ಕೆ ತಲೆನೋವಿನ ಮಾತ್ರೆಯೂ ಮರೆತುಹೋಗುತ್ತದೆ.

ಅತ್ತೆಗೆ ಬೈಬಲಿನಲ್ಲಿ ಬರೆದದ್ದೆಲ್ಲ ಬರೆದ ಹಾಗೇ. ಪರಲೋಕದ ಬೀದಿ ಚಿನ್ನದ್ದು ಎಂದಿದ್ದರೆ ಚಿನ್ನದ್ದೇ. ಹನ್ನೆರಡು ಬಾಗಿಲು, ಒಂದೊಂದು ಬಾಗಿಲೂ ಒಂದೊಂದು ಮುತ್ತು. ಜೀವಜಲದ ನದಿ, ತಿಂಗಳು ತಿಂಗಳೂ ಹಣ್ಣು ಬಿಡುವ ಮರ, ಎಣಿಸಲಾಗದಷ್ಟು ಜನ, ಅಷ್ಟೂ ಜನಕ್ಕೆ ಬಿಳಿ ನಿಲುವಂಗಿ. "ಅಷ್ಟು ನಿಲುವಂಗಿ ಅಂದ್ರೆ ನನಗೆ ಅಲ್ಲೂ ಬಿಡುವಿಲ್ಲ ಬಿಡು," ಎನ್ನುತ್ತಿದ್ದಳು. ದೂರುವ ಧಾಟಿಯಲ್ಲಿ ಹೇಳಿದರೂ ಮುಖ ಮಾತ್ರ ದೊಡ್ಡ ಆರ್ಡರು ಸಿಕ್ಕವಳ ಮುಖ.

ಆ ಮುತ್ತಿನ ಬಾಗಿಲಲ್ಲಿ ನಮ್ಮ ಮಾವ ನಿಂತಿದ್ದಾರೆ. ಇದೂ ಅತ್ತೆಗೆ ಖಾತ್ರಿ. ಮಾವ ಬಸ್ ಡ್ರೈವರಾಗಿದ್ದರು, ಅವಸರದ ಮನುಷ್ಯ. ಎಲ್ಲಿಗೆ ಹೊರಟರೂ ಮೊದಲೇ ತಯಾರಾಗಿ ಗೇಟಿನ ಹತ್ತಿರ ನಿಂತು "ಆಯ್ತಾ?" ಎಂದು ಕೂಗುತ್ತಿದ್ದರು. ಒಳಗಿನಿಂದ ಅತ್ತೆ, "ಇನ್ನೂ ಒಂದು ಹೊಲಿಗೆ ಇದೆ ರೀ!" ಎನ್ನುತ್ತಿದ್ದಳು. ಆ ಒಂದು ಹೊಲಿಗೆ ಎಂದೂ ಒಂದೇ ಆಗಿರುತ್ತಿರಲಿಲ್ಲ. ಲೋಕ ಬಿಡುವುದರಲ್ಲೂ ಮಾವ ಹಾಗೇ ಅವಸರ ಮಾಡಿ ಮುಂದೆ ಹೋದರು. ಈಗ ಅಲ್ಲಿ ನಿಂತು "ಆಯ್ತಾ?" ಎಂದು ಕೂಗುತ್ತಿದ್ದಾರೆ ಎಂದು ಅತ್ತೆ ನನಗೆ ಹೇಳುವಾಗ ಅವಳ ಕಣ್ಣು ತುಂಬುತ್ತಿತ್ತು. ನನಗೆ ನಗು ಬರುತ್ತಿತ್ತು, ನಕ್ಕರೆ ಬೈಗುಳ ಬರುತ್ತಿತ್ತು.

ನಮ್ಮ ಕಿಟಕಿಯ ಎದುರಿಗೇ ಬೀಗಪ್ಪನವರ ಅಂಗಡಿ. ಬೀಗ ರಿಪೇರಿ ಮಾಡುವುದರಿಂದ ಬೀದಿ ಕೊಟ್ಟ ಹೆಸರು ಅದು. ಹಲಗೆಯ ತುಂಬ ಹಳೇ ಕೀಗಳು, ಕೀ ಕೊರೆಯುವ ಒಂದು ಯಂತ್ರ, ಕೈ ಇರುವ ಒಂದು ಮರದ ಕುರ್ಚಿ, ಅಷ್ಟಕ್ಕೇ ಅಂಗಡಿ ಭರ್ತಿ. ಕುರ್ಚಿ ಹಾಕಿಸಿದ್ದು ತೀರಿಹೋದ ಅವರ ಹೆಂಡತಿ. ಆ ತಾಯಿ ಯಾರನ್ನೂ ನಿಲ್ಲಿಸಿ ಮಾತಾಡಿಸಿದವರಲ್ಲ. ಹಾಗಾಗಿ ಈಗಲೂ ಗಿರಾಕಿಗಳು ರಾಜರ ಹಾಗೆ ಕೂರುತ್ತಾರೆ, ಬೀಗಪ್ಪನವರು ದಿನವಿಡೀ ನಿಂತೇ ಕೆಲಸ ಮಾಡುತ್ತಾರೆ.

ಅವರ ಯಂತ್ರದ ಕಿರುಚಾಟ ಕೇಳಿದರೆ ಹಲ್ಲು ಜುಮ್ಮೆನ್ನುತ್ತದೆ. ಅತ್ತೆಯ ಬಳಿ ಮದುಮಗಳು ಗೌನು ಹಾಕಿ ನೋಡಲು ಬಂದಾಗ ಮಾತ್ರ ಅದು ತಾನಾಗಿ ನಿಲ್ಲುತ್ತಿತ್ತು. ಹುಡುಗಿ ಬೆಚ್ಚಿದರೆ ಸೂಜಿ ಚುಚ್ಚುತ್ತದಲ್ಲ, ಅದಕ್ಕೆ. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಎಷ್ಟೋ ವರ್ಷ ಹಾಗೆ ನಡೆದಿತ್ತು. ನಾನದನ್ನು ಗಮನಿಸಿ ಅತ್ತೆಗೆ ಹೇಳಿದರೆ, "ಕರೆಂಟು ಹೋಗಿರುತ್ತೆ," ಎಂದಳು. ಕರೆಂಟು ಅಷ್ಟು ಲೆಕ್ಕ ಹಾಕಿ ಹೋಗುವುದಿದ್ದರೆ ನಮ್ಮ ಬೀದಿ ಎಂದೋ ಉದ್ಧಾರವಾಗುತ್ತಿತ್ತು.

ಒಂದು ಬೆಳಿಗ್ಗೆ ಬೀರುವಿನ ಕೀ ಕಳೆದುಹೋಯಿತು. ಒಳಗೆ ಗೌನು, ಹೊರಗೆ ಮದುಮಗಳ ತಾಯಿ, ಇಬ್ಬರ ನಡುವೆ ಅತ್ತೆ. ಬೀಗಪ್ಪನವರು ಓಡಿಬಂದು ಒಂದು ತಂತಿಯಲ್ಲಿ ಬೀರು ತೆರೆದುಕೊಟ್ಟರು. ಆ ತಾಯಿ ಗೌನು ಎತ್ತಿಕೊಂಡು ಓಡಿದ ಮೇಲೂ ಅವರು ಹೊರಡಲಿಲ್ಲ.

"ಇದಕ್ಕೊಂದು ಡೂಪ್ಲಿಕೇಟ್ ಮಾಡಿ ನನ್ನ ಹತ್ರಾನೇ ಇಟ್ಕೊಳ್ಳಲಾ?"

"ನನ್ನ ಬೀರು ಕೀ ನಿಮಗ್ಯಾಕೆ?"

"ದಿನಾ ಬರೋದಕ್ಕೆ ಒಂದು ನೆಪ ಬೇಕಲ್ಲ. ಇಲ್ಲಾಂದ್ರೆ ನೆಪಾನೇ ಬೇಡದ ಹಾಗೆ ಮಾಡೋಣ. ಮದುವೆ ಆಗೋಣ ಅಂತೀನಿ."

ಅತ್ತೆ ಬಾಯಿಂದ ಒಂದು ಸೂಜಿ ಕೆಳಗೆ ಬಿತ್ತು. ಅಷ್ಟು ವರ್ಷಗಳಲ್ಲಿ ಬಿದ್ದ ಮೊದಲನೇ ಸೂಜಿ. ಅದನ್ನು ಹುಡುಕುವ ನೆವದಲ್ಲಿ ಅವಳು ಮೇಜಿನ ಕೆಳಗೆ ಹೋದವಳು, ಬೀಗಪ್ಪನವರು ಮೆಟ್ಟಿಲು ಇಳಿದು ಹೋಗುವ ತನಕ ಮೇಲೇಳಲಿಲ್ಲ. ಎದ್ದಾಗ ಮುಖ ಕೆಂಪಗಿತ್ತು. ಆಮೇಲೆ ಮೂರು ಗೌನಿಗೆ ತೋಳು ಹಿಂದುಮುಂದಾಗಿ ಹೊಲಿದಳು.

ಮನಸ್ಸಿತ್ತು. ಬಾಯಿಬಿಟ್ಟು ನನಗೆ ಹೇಳಿಯೂಬಿಟ್ಟಳು: "ಆ ಯಂತ್ರ ನಿಂತಾಗೆಲ್ಲ ನನ್ನೆದೆ ಹೊಡ್ಕೊಳ್ಳುತ್ತೆ."

"ಮತ್ತೇನು? ಹೂಂ ಅಂದುಬಿಡು."

"ಅಂದುಬಿಟ್ಟು? ನಾಳೆ ನಾನು ಹೋದಾಗ ನಿನ್ನ ಮಾವ ಅಲ್ಲಿ ನಿಂತಿರ್ತಾರೆ. ನಾನು ಇನ್ನೊಬ್ಬರ ತೋಳು ಹಿಡ್ಕೊಂಡು ಹೋಗಿ, ನೋಡ್ರಿ ಇವರು ಎದುರುಮನೆ ಬೀಗದವರು ಅನ್ನಲಾ?"

ಅವಳ ಜೀವವನ್ನು ಅರೆಯುತ್ತಿದ್ದ ಪ್ರಶ್ನೆ ಇದೊಂದೇ: ಅಲ್ಲಿ ಅವಳು ಯಾರ ಹೆಂಡತಿ? ಜನ ಏನೆನ್ನುತ್ತಾರೆ ಎಂಬ ಹೆದರಿಕೆ ಅವಳಿಗಿರಲಿಲ್ಲ, ಜನರ ಅಳತೆಯೆಲ್ಲ ಅವಳ ಕೈಯಲ್ಲಿದೆ. ಮದುವೆಯಲ್ಲಿ ಕೊಟ್ಟ ಮಾತು ತಪ್ಪಿದವಳು ಎಂದು ಮಾವ ಒಂದು ಸಲ ಮುಖ ತಿರುಗಿಸಿಬಿಟ್ಟರೆ ನಿತ್ಯಜೀವವೆಲ್ಲ ಆ ತಿರುಗಿದ ಬೆನ್ನು ನೋಡುತ್ತ ಕಳೆಯಬೇಕಲ್ಲ, ಆ ಹೆದರಿಕೆ.

ಭಾನುವಾರ ಚರ್ಚಿನ ಆರಾಧನೆ ಮುಗಿದ ಮೇಲೆ ಸತ್ಯವೇದ ತರಗತಿ, ಅಂದರೆ ಬೈಬಲ್ ಪಾಠ. ಪಾಸ್ಟರ್ ಎಳೆಯ ವಯಸ್ಸಿನವರು, ಪಾಪ, ಯಾರ ಮನಸ್ಸನ್ನೂ ನೋಯಿಸದ ಹಾಗೆ ಮೆಲ್ಲಗೆ ಮಾತಾಡುತ್ತಾರೆ. ಅವರಿಗೆ ಚಿನ್ನದ ಬೀದಿಯೂ ಸಂಕೇತ, ನದಿಯೂ ಸಂಕೇತ. ಬೀಗಪ್ಪನವರು ಅವರಿಗಿಂತ ಒಂದು ಹೆಜ್ಜೆ ಮುಂದೆ.

"ಅಲ್ಲಿ ಬಾಗಿಲು ಮುಚ್ಚೋದೇ ಇಲ್ಲ ಅಂತ ಬರೆದಿದೆ," ಎಂದರು. "ಅದು ನಿಜವಾದ್ರೆ ನನಗಲ್ಲಿ ಕೆಲಸವೇ ಇಲ್ಲ. ಆದ್ದರಿಂದ ಸಂಕೇತ. ಅಷ್ಟು ದೊಡ್ಡ ಮುತ್ತು ಅಂದ್ರೆ ಚಿಪ್ಪು ಎಷ್ಟು ದೊಡ್ಡದಿರಬೇಕು ಹೇಳಿ?"

"ಚಿಪ್ಪು ಮಾಡಿದೋನಿಗೆ ಗೊತ್ತು," ಎಂದಳು ಅತ್ತೆ. ಆಮೇಲೆ ಪಾಸ್ಟರ್ ಕಡೆ ತಿರುಗಿದಳು. "ಪಾಸ್ಟರ್, ಒಬ್ಬಳಿಗೆ ಇಬ್ಬರು ಗಂಡಂದಿರು ಅಂತಿಟ್ಕೊಳ್ಳಿ. ಒಬ್ಬರಾದ ಮೇಲೆ ಒಬ್ಬರು. ಅಲ್ಲಿ ಅವಳು ಯಾರವಳು?"

ತರಗತಿಯಲ್ಲಿದ್ದವರೆಲ್ಲ ಒಟ್ಟಿಗೆ ಬೀಗಪ್ಪನವರನ್ನು ನೋಡಿದರು. ಅವರು ತಮ್ಮ ಬೂಟು ನೋಡಿಕೊಂಡರು.

ಏಳು ಮಂದಿ ಅಣ್ಣತಮ್ಮಂದಿರನ್ನು ಒಬ್ಬರಾದ ಮೇಲೊಬ್ಬರಂತೆ ಮದುವೆಯಾದ ಹೆಂಗಸಿನ ವಿಷಯ ಯೇಸುವಿಗೂ ಕೇಳಿದ್ದರು ಎಂದು ಪಾಸ್ಟರ್ ನೆನಪಿಸಿದರು. ಸತ್ತು ಎದ್ದವರು ಮದುವೆಯಾಗುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ, ದೇವದೂತರ ಹಾಗೆ ಇರುತ್ತಾರೆ ಎಂಬುದು ಸಿಕ್ಕ ಉತ್ತರ.

ಆಗ ನಡೆದದ್ದನ್ನು ನೋಡಲು ನೀವೂ ಇರಬೇಕಿತ್ತು. ಅದುವರೆಗೆ ಎಲ್ಲವನ್ನೂ ಸಂಕೇತವೆನ್ನುತ್ತಿದ್ದ ಬೀಗಪ್ಪನವರು ಕುರ್ಚಿಯಿಂದ ಚಂಗನೆ ಎದ್ದರು. "ಕೇಳಿದ್ರಾ? ಅಲ್ಲಿ ಮದುವೆಯೇ ಇಲ್ಲ! ಬರೆದಿದೆ! ಇದು ಅಕ್ಷರಶಃ, ಇದರಲ್ಲಿ ಸಂಕೇತ ಗಿಂಕೇತ ಏನೂ ಇಲ್ಲ!"

ಎಲ್ಲವನ್ನೂ ಬರೆದ ಹಾಗೆ ನಂಬುತ್ತಿದ್ದ ಅತ್ತೆಯೂ ಎದ್ದಳು. "ಅದೊಂದು ಮಾತ್ರ ಸಂಕೇತ! ಇಷ್ಟು ವರ್ಷ ಸಂಸಾರ ಮಾಡಿದೋರು ಅಲ್ಲಿ ನನ್ನ ಗಂಡ ಅಲ್ವಾ? ದಾರೀಲಿ ಸಿಕ್ಕ ದೇವದೂತರಾ?"

ಪಾಸ್ಟರ್ ನಗು ತಡೆಯಲಾರದೆ ಪುಸ್ತಕ ಅಡ್ಡ ಹಿಡಿದರು. ಪುಸ್ತಕ ಅಲುಗಾಡುತ್ತಿತ್ತು. ಸಾವರಿಸಿಕೊಂಡು, "ಅಮ್ಮ, ಅಲ್ಲಿ ಪ್ರೀತಿ ಕಡಿಮೆಯಾಗಲ್ಲ, ಇನ್ನೂ ದೊಡ್ಡದಾಗುತ್ತೆ ಅಂತ ಅದರ ಅರ್ಥ," ಎಂದರು. ಅದು ಒಳ್ಳೆಯ ಮಾತೇ. ಆದರೆ ಅತ್ತೆಗೆ ಆ ಹೊತ್ತು ಒಳ್ಳೆಯ ಮಾತು ಬೇಕಿರಲಿಲ್ಲ.

"ಪಾಸ್ಟರ್, ನಮ್ಮವರ ಕಾಲರು ಹದಿನೈದೂವರೆ, ಎದೆ ನಲವತ್ತು. ಎಡಗೈ ಬಲಗೈಗಿಂತ ಅರ್ಧ ಇಂಚು ಉದ್ದ, ಗೇರು ಎಳೆದೂ ಎಳೆದೂ. ದೊಡ್ಡ ಪ್ರೀತಿಗೆ ನಾನು ಎಲ್ಲಿಂದ ಅಳತೆ ತಗೊಳ್ಳಲಿ?" ಎಂದಳು. ಹೇಳಹೇಳುತ್ತ ಎರಡೂ ಕೈ ಚಾಚಿ ಮಾವನ ಎದೆಯ ಅಗಲವನ್ನು ಗಾಳಿಯಲ್ಲೇ ಹಿಡಿದು ತೋರಿಸಿದಳು. ಯಾರೂ ನಗಲಿಲ್ಲ. ನನಗಂತೂ ಅಲ್ಲೇ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು.

ಆ ವಾರ ಎದುರಿನ ಯಂತ್ರ ಕಿರುಚಲೇ ಇಲ್ಲ. ಬೀಗಪ್ಪನವರಿಗೆ ಹುಷಾರಿಲ್ಲವೇನೋ ಎಂದು ಅತ್ತೆ ಕಿಟಕಿಯಿಂದ ಇಣುಕಿದ್ದೇ ಇಣುಕಿದ್ದು. ಕೊನೆಗೊಂದು ಮಧ್ಯಾಹ್ನ ಅವರೇ ಬಂದರು, ಕೈಯಲ್ಲಿ ಒಂದು ಹಳೇ ಕಂದು ಕೋಟು.

"ಇದನ್ನ ಸ್ವಲ್ಪ ಅಗಲ ಮಾಡಿಕೊಡಿ. ಒಂದು ಮದುವೆಗೆ ಹೋಗ್ಬೇಕು."

"ಯಾರ ಮದುವೆ?"

"ನೀವು ಹೇಳಿದ ಮೇಲೆ ಗೊತ್ತಾಗುತ್ತೆ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ!" ಎಂದು ಅತ್ತೆ ಸಿಡುಕಿದಳು, ಕೋಟು ಮಾತ್ರ ಕಸಿದುಕೊಂಡಳು. ಒಳಗನ್ನು ಹೊರಗೆ ಮಾಡಿ ನೋಡಿ ಮುಖ ಸಿಂಡರಿಸಿದಳು. "ಯಾರು ಹೊಲಿದಿದ್ದು ಇದನ್ನ? ಕೋಳಿ ಕೆದರಿದ ಹಾಗಿದೆ."

"ನನ್ನ ಹೆಂಡತಿ. ಮದುವೆಯ ಹೊಸದರಲ್ಲಿ. ಅವಳು ಹೊಲಿದದ್ದು ಇದೊಂದೇ."

ಅತ್ತೆ ನಾಲಿಗೆ ಕಚ್ಚಿಕೊಂಡಳು. ಸಣ್ಣ ಕತ್ತರಿ ತೆಗೆದುಕೊಂಡು ಪಕ್ಕದ ಹೊಲಿಗೆ ಬಿಚ್ಚತೊಡಗಿದಳು. ಅವಳ ವೃತ್ತಿಯಲ್ಲಿ ಎಲ್ಲರೂ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಡುತ್ತಾರೆ, ಮುಂದೆ ಮೈ ಬಂದರೆ ಬಿಚ್ಚಿ ಅಗಲ ಮಾಡಲು. ಒಂದು ಬೆರಳಗಲ ಬಿಟ್ಟರೆ ಹೆಚ್ಚು. ಈ ಕೋಟಿನ ಒಳಗಿನಿಂದ ಬಟ್ಟೆ ಬರುತ್ತಲೇ ಇತ್ತು, ನಾಲ್ಕು ಬೆರಳಷ್ಟು, ಎರಡೂ ಪಕ್ಕದಲ್ಲಿ. ಬೆಳಕು ಕಾಣದ ಆ ಪಟ್ಟಿ ಅಂಗಡಿಯಿಂದ ಈಗತಾನೇ ಕತ್ತರಿಸಿ ತಂದ ಹಾಗೆ ಕಡುಕಂದಾಗಿ ಹೊಳೆಯುತ್ತಿತ್ತು.

"ಆಗ ಎಷ್ಟು ದಪ್ಪ ಇದ್ರಿ ನೀವು?"

"ದಪ್ಪ? ಊದಿದ್ರೆ ಹಾರಿಹೋಗೋ ಹಾಗಿದ್ದೆ."

"ಮತ್ತೆ ಇಷ್ಟು ಯಾಕೆ ಬಿಟ್ರು?"

"ನಾನೂ ಕೇಳಿದ್ದೆ. 'ನೀವು ಯಾವಾಗಲೂ ಹೀಗೇ ಇರ್ತೀರಾ? ಬೆಳೀತೀರಿ. ಆಗ ಯಾರಾದ್ರೂ ಬಿಚ್ಚಿ ಹೊಲಿದು ಕೊಡ್ತಾರೆ,' ಅಂದ್ಲು."

"ಯಾರಾದ್ರೂ ಅಂದ್ರಾ?"

"ಯಾರಾದ್ರೂ ಅಂತಲೇ ಅಂದ್ಲು."

ಅತ್ತೆ ಆ ಪಟ್ಟಿಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಸವರಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ, ಭುಜವಂತೂ ಕುಣಿಯುತ್ತಿತ್ತು. ಆಮೇಲೆ ಚಾಕ್ ಎತ್ತಿಕೊಂಡು, "ತೋಳು ಎತ್ತಿ ನಿಲ್ಲಿ, ಅಳತೆ ತಗೋಬೇಕು," ಎಂದಳು. "ಮದುವೆ ನಮ್ಮದೇ. ಸುಮ್ಮನೆ ಹಲ್ಲು ಕಿರಿಯಬೇಡಿ, ಎದೆ ಅಳತೆ ತಪ್ಪುತ್ತೆ."

ಮಹಡಿ ಮೆಟ್ಟಿಲಲ್ಲಿ ಕದ್ದು ಕೂತಿದ್ದ ನಾನು ಕಿರುಚಿಯೇಬಿಟ್ಟೆ. ಕೀ ಕೊರೆಯುವ ಯಂತ್ರವೂ ನಾಚಬೇಕು, ಹಾಗೆ.

ಮಾರನೆಯ ಭಾನುವಾರ ಅತ್ತೆ ಕೋಟನ್ನು ಚರ್ಚಿಗೇ ಹೊತ್ತುಕೊಂಡು ಹೋಗಿ ಪಾಸ್ಟರ್ ಮುಂದೆ ಬಿಚ್ಚಿ ಹಿಡಿದಳು. "ಬೈಬಲಿನ ಆ ಮಾತುಗಳನ್ನೂ ದೇವರು ಹೀಗೇ ಹೊಲಿದಿದ್ದಾನೆ ಅನ್ಸುತ್ತೆ. ಒಳಗೆ ಬಟ್ಟೆ ಬಿಟ್ಟು. ನಾನು ಮೇಲಿನ ಹೊಲಿಗೆ ನೋಡಿ ಇಷ್ಟೇ ಅಳತೆ ಅಂದ್ಕೊಂಡಿದ್ದೆ."

"ಹಾಗಾದ್ರೆ ಮುತ್ತಿನ ಬಾಗಿಲು?" ಎಂದು ಪಾಸ್ಟರ್ ಕೆಣಕಿದರು.

"ಅದು ಮುತ್ತೇ. ಅದರಲ್ಲಿ ಚೌಕಾಸಿ ಇಲ್ಲ."

ಇದನ್ನು ಆರಾಧನೆಯಲ್ಲಿ ಮಾಡುವ ಪ್ರಸಂಗದಲ್ಲಿ ಹೇಳಬಹುದೇ ಎಂದು ಪಾಸ್ಟರ್ ಕೇಳಿದರು. ಹೇಳಿ, ಹೊಲಿಗೆ ಕೂಲಿ ಬೇಡ ಎಂದಳು ಅತ್ತೆ.

ಕಡುಕಂದು ಪಟ್ಟಿ ಎರಡೂ ಪಕ್ಕದಲ್ಲಿ ಎದ್ದು ಕಾಣುತ್ತದೆ, ಮೇಲೊಂದು ಲೇಸು ಕೂರಿಸು ಎಂದು ನೆಂಟರು ಹೇಳಿ ನೋಡಿದರು. ಅತ್ತೆ ಒಪ್ಪಲಿಲ್ಲ. "ಅವರ ಹೆಂಡತಿ ಬಿಟ್ಟ ಬಟ್ಟೆ, ಕಾಣಲಿ," ಎಂದಳು.

ಮದುವೆಯ ಬೆಳಿಗ್ಗೆ ಬೀಗಪ್ಪನವರು ಆ ಕೋಟು ತೊಟ್ಟು ನಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಊರಿನ ಮದುವಣಗಿತ್ತಿಯರಿಗೆಲ್ಲ ಹೊತ್ತಿಗೆ ಸರಿಯಾಗಿ ಗೌನು ಕೊಟ್ಟವಳು, ಬಾಯಲ್ಲಿ ಸೂಜಿ ಕಚ್ಚಿಕೊಂಡು ತನ್ನ ಉಡುಪಿನ ಅಂಚನ್ನು ಇನ್ನೂ ಹೊಲಿಯುತ್ತಿದ್ದಳು. ಕಾರು ಬಂದು ನಿಂತಿತ್ತು. ನನಗೆ ತಾಳ್ಮೆ ಕೆಟ್ಟು ಗೇಟಿನಿಂದಲೇ ಕೂಗಿದೆ: "ಅತ್ತೆ, ಆಯ್ತಾ?"

ಕೂಗಿದ ಮೇಲೇ ನೆನಪಾದದ್ದು. ಅದು ಮಾವನ ಜಾಗ, ಮಾವನ ಮಾತು. ಅತ್ತೆಯ ಸೂಜಿ ನಿಂತಿತು. ಅವಳು ತಲೆಯೆತ್ತಿದಳು, ನನ್ನ ಕಡೆಗಲ್ಲ, ಬಾಗಿಲ ಮೇಲಿನ ಆಕಾಶದ ಚೂರಿನ ಕಡೆಗೆ.

"ಇನ್ನೂ ಒಂದು ಹೊಲಿಗೆ ಇದೆ ರೀ," ಎಂದಳು. "ನಿಂತೂ ನಿಂತೂ ಕಾಲು ನೋಯಿಸ್ಕೋಬೇಡಿ."

ಬೀಗಪ್ಪನವರು ಕೋಟಿನ ಪಕ್ಕದ ಪಟ್ಟಿಯನ್ನು ಒಮ್ಮೆ ಮುಟ್ಟಿಕೊಂಡು, ತಾವೂ ಆ ಆಕಾಶದ ಚೂರನ್ನೇ ನೋಡಿದರು.

"ನಮ್ಮನೆಯವಳೂ ಅಲ್ಲೇ ಎಲ್ಲೋ ಇರ್ತಾಳೆ," ಎಂದರು. "ನಿಮ್ಮವರಿಗೊಂದು ಕುರ್ಚಿ ಹಾಕಿ ಕೊಟ್ಟಿರ್ತಾಳೆ ಬಿಡಿ."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಸಂಕೇತದ ಕುರ್ಚಿನಾ?" ಎಂದೆ.

"ಅಲ್ಲಮ್ಮ, ಮರದ್ದು," ಎಂದರು ಬೀಗಪ್ಪನವರು. "ಕೈ ಇರೋದು."

ಅತ್ತೆ ಬಾಯಲ್ಲಿದ್ದ ಸೂಜಿಗಳನ್ನೆಲ್ಲ ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, ಅವರ ತೋಳು ಹಿಡಿದು ಹೊಸ್ತಿಲು ದಾಟಿದಳು.