ಟೇಪಕ್ಕ ಕೊಟ್ಟ ಒಪ್ಪಿಗೆ

ಮೂವತ್ತು ವರ್ಷದಿಂದ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಹೆಂಗಸರ ಬಟ್ಟೆ ಹೊಲಿಯುತ್ತಿದ್ದುದರಿಂದ ಬೀದಿಗೆಲ್ಲ ಅವಳು ಟೇಪಕ್ಕ. ಮಾತು ಜಾಸ್ತಿ, ಸುಳ್ಳು ಹೇಳಬಾರದು. ಪಕ್ಕದ ಇಸ್ತ್ರಿಯವನ ಗೊರಕೆಯಿಂದ ಹಿಡಿದು ಮಂತ್ರಿಗಳ ತಲೆಗೂದಲಿನ ಬಣ್ಣದವರೆಗೆ ಅವಳು ಬಿಟ್ಟ ವಿಷಯವಿಲ್ಲ. ಆದರೆ ಪರದೆಯ ಹಿಂದೆ ಕೈ ಎತ್ತಿ ನಿಂತವರ ಮೈಯ ವಿಷಯ ಬಂದರೆ ಬಾಯಿಗೆ ಬೀಗ. ಯಾರು ಬಸುರಿ, ಯಾರ ಬೆನ್ನ ಮೇಲೆ ಬಾಸುಂಡೆ ಎದ್ದಿದೆ ಎಂಬುದು ಮೊದಲು ತಿಳಿಯುತ್ತಿದ್ದುದು ಅವಳಿಗೆ. ತಿಳಿದದ್ದು ರಟ್ಟಿನ ಪುಸ್ತಕಕ್ಕೆ ಹೋಗುತ್ತಿತ್ತು, ಪುಸ್ತಕ ಡ್ರಾಯರಿಗೆ, ಡ್ರಾಯರಿನ ಕೀಲಿಕೈ ಅವಳ ಸೊಂಟಕ್ಕೆ.

ಹೈಸ್ಕೂಲಿನ ಲೆಕ್ಕದ ಟೀಚರ್ ಒಂದು ಮಧ್ಯಾಹ್ನ ಬಂದು, ಪರದೆ ಎಳೆದು, ಒಂದು ಕಡೆಯ ಎದೆ ಇದ್ದ ಜಾಗದಲ್ಲಿ ಉಳಿದಿದ್ದ ಗಾಯದ ಗೆರೆ ತೋರಿಸಿದರು. ಯಾವ ಕಡೆ ಎಂದು ಇಲ್ಲಿ ಬರೆಯುವುದಿಲ್ಲ. ಅದು ನನ್ನದೂ ಅಲ್ಲ, ನಿಮ್ಮದೂ ಅಲ್ಲ.

"ಮನೇಲಿ ಅಮ್ಮ ಇದಾರೆ ಟೇಪಕ್ಕ. ನಮ್ಮಕ್ಕನ್ನ ಇದೇ ಕಾಯಿಲೇಲಿ ಕಳ್ಕೊಂಡೋರು. ನಂದೂ ಗೊತ್ತಾದ್ರೆ ಉಳಿಯಲ್ಲ. ಟ್ರೈನಿಂಗ್ ಅಂತ ಹೇಳಿ ಆಪರೇಷನ್ ಮಾಡಿಸ್ಕೊಂಡು ಬಂದೆ."

ಟೇಪಕ್ಕ ಅಳತೆ ತೆಗೆದುಕೊಂಡಳು. ಬಟ್ಟೆಯ ಒಳಮಡಿಕೆಯಲ್ಲಿ ಹತ್ತಿ ಇಟ್ಟು ಎಷ್ಟು ಚೆನ್ನಾಗಿ ಹೊಲಿದಳೆಂದರೆ, ಜೊತೆಯಲ್ಲೇ ಉಂಡು ಮಲಗುವ ತಾಯಿಗೂ ಎರಡು ವರ್ಷ ಅನುಮಾನ ಬರಲಿಲ್ಲ.

ಆಮೇಲೆ ಕಣ್ಣು ಮಂಜಾಯಿತು, ತನ್ನ ಅಕ್ಷರ ತನಗೇ ಕಾಣದಾಯಿತು. ಮಗಳು ಫೋನಿಗೊಂದು ಆ್ಯಪ್ ಹಾಕಿಕೊಟ್ಟಳು. "ಅಳತೆ ಎಲ್ಲ ಇದ್ರಲ್ಲಿ ತುಂಬಿಡಮ್ಮ. ಪುಕ್ಕಟೆ." ತೆರೆದರೆ ಇರುವೆ ಸಾಲಿನಂಥ ಬರಹ, ಕೊನೆಗೊಂದು ಹಸಿರು ಗುಂಡಿ: ಒಪ್ಪಿಗೆ. ಅವಳು ಒತ್ತಿದಳು. ನಾವೆಲ್ಲ ಒತ್ತುವುದೂ ಹಾಗೇ ಅಲ್ಲವೇ? ಮೂರು ವಾರ ಊಟದ ಹೊತ್ತಿನಲ್ಲಿ ಪುಸ್ತಕಕ್ಕೆ ಭೂತಗನ್ನಡಿ ಹಿಡಿದು ಕೂತು ಹೆಸರು, ವಯಸ್ಸು, ಫೋನ್ ನಂಬರು, ಅಳತೆ ಎಲ್ಲ ತುಂಬಿದಳು. 'ವಿಶೇಷ ಸೂಚನೆ' ಎಂಬ ಜಾಗವನ್ನೂ ಖಾಲಿ ಬಿಡಲಿಲ್ಲ. ಅಚ್ಚುಕಟ್ಟಿನ ಹೆಂಗಸು!

ತಿಂಗಳೊಳಗೆ ಫೋನು ವಿಚಿತ್ರವಾಗಿ ಆಡತೊಡಗಿತು. ಹಾಡು ಕೇಳಲು ಹೋದರೆ ಗೂನುಬೆನ್ನಿಗೆ ಕಟ್ಟುವ ಪಟ್ಟಿಯ ಜಾಹೀರಾತು. ಅವಳಿಗೆ ಗೂನಿಲ್ಲ, ಗೂನಿದ್ದುದು ಅಂಚೆಯವನ ಹೆಂಡತಿಗೆ. ಒಂದು ದಿನ ದಾರದ ಬೆಲೆ ನೋಡುವಾಗ ತಲೆಯಿಲ್ಲದ ಗೊಂಬೆಯೊಂದು ಬಂದು ನಿಂತಿತು, ಒಂದು ಕಡೆಗೆ ಮಾತ್ರ ಪ್ಯಾಡು ತೊಟ್ಟು. ಟೇಪಕ್ಕನಿಗೆ ಟೀಚರ್ ನೆನಪಾದರು. ಆ್ಯಪನ್ನು ಅಳಿಸಿದಳು, ಗೊಂಬೆ ಅಳಿಯಲಿಲ್ಲ. ಹವಾಮಾನ ನೋಡಿದರೂ ಗೊಂಬೆ, ಸತ್ತವರ ಸುದ್ದಿ ಓದಿದರೂ ಗೊಂಬೆ. ಫೋನಿನ ಮೇಲೆ ಬಟ್ಟೆಯ ತುಂಡು ಹೊದಿಸಿಟ್ಟಳು. ಅಂಗಡಿಯಲ್ಲಿ ಒಬ್ಬಳೇ ಇದ್ದಾಗ ಪರದೆಯ ಹಿಂದೆ ಯಾರೋ ಕೈ ಎತ್ತಿ ನಿಂತಿದ್ದಾರೆ ಅನ್ನಿಸುತ್ತಿತ್ತು. ಎದ್ದು ಹೋಗಿ ಸರಿಸಿ ನೋಡುವಳು. ಯಾರೂ ಇರುತ್ತಿರಲಿಲ್ಲ. ಹಗಲು ಹೊತ್ತಿನಲ್ಲೇ ಅವಳಿಗೆ ಭಯ ಹಿಡಿಯಿತು.

ಒಂದು ಬೆಳಿಗ್ಗೆ ಟೀಚರ ತಾಯಿ ಬಂದರು. ಕೂರಿ ಅಂದರೂ ಕೂರಲಿಲ್ಲ.

"ಮನೆ ಫೋನಿಗೆ ಯಾವಳೋ ಮಾಡಿದ್ಳಮ್ಮ. ಆಪರೇಷನ್ ಆದೋರು ಒಂದು ಕಡೆ ಇಟ್ಕೊಳ್ಳೋ ಪ್ಯಾಡು ಬಂದಿದೆ ಅಂದ್ಳು. ರಾಂಗ್ ನಂಬರ್ ಕಣಮ್ಮ ಅಂದೆ. ಅವಳು ನನ್ನ ಮಗಳ ಹೆಸರು ಹೇಳಿದ್ಳು. ವಯಸ್ಸು ಹೇಳಿದ್ಳು. ಭುಜ ಹದಿನಾಲ್ಕೂಕಾಲು ಇಂಚು, ಸರಿ ತಾನೇ ಅಂದ್ಳು. ಹೆತ್ತ ನನಗೇ ಅವಳ ಭುಜದ ಅಳತೆ ಗೊತ್ತಿಲ್ಲ. ಗೊತ್ತಿರೋದು ನಿನಗೆ."

ನಾನು ಯಾರಿಗೂ ಹೇಳಿಲ್ಲ ಎನ್ನಲು ಟೇಪಕ್ಕ ಬಾಯಿ ತೆರೆದಳು. ಮೂವತ್ತು ವರ್ಷ ತಲೆ ಎತ್ತಿ ಆಡಿದ್ದ ಆ ಮಾತು ಈಗ ನಿಜವಾಗಿರಲಿಲ್ಲ.

"ಜಗಳಕ್ಕೆ ಬಂದಿಲ್ಲ ಕಣಮ್ಮ. ಒಂದೇ ಒಂದು ಹೇಳು. ಯಾವ ಕಡೆ?" ಮುದುಕಿಯ ಧ್ವನಿ ಒಡೆಯಿತು. "ದಿನಾ ಶಾಲೆಗೆ ಹೊರಡೋವಾಗ ತಬ್ಕೋತಿದ್ದೆ. ಎರಡು ದಿನದಿಂದ ಎಲ್ಲಿ ನೋವಾಗತ್ತೋ ಅಂತ ಹತ್ರಾನೇ ಹೋಗಿಲ್ಲ. ಅವಳು ಬಾಗಿಲಲ್ಲಿ ನಿಂತು ನೋಡ್ತಾಳೆ."

ಒಂದೇ ಪದದ ಉತ್ತರ. ಯಾವುದೋ ಊರಿನ ಯಾವಳಿಗೋ ಗೊತ್ತಿದ್ದದ್ದು ತಾಯಿಗೆ ಗೊತ್ತಾದರೆ ಏನು ತಪ್ಪು? ಟೇಪಕ್ಕನ ಕೈ ಸೊಂಟದ ಕೀಲಿಯನ್ನು ಹಿಡಿದುಕೊಂಡಿತು.

"ಅದು ನಾನು ಹೇಳೋ ಮಾತಲ್ಲಮ್ಮಾ," ಎಂದು ಅತ್ತೇಬಿಟ್ಟಳು. "ಅವರನ್ನೇ ಕೇಳಿ."

ಮುದುಕಿ ಪರದೆಯನ್ನೊಮ್ಮೆ ನೋಡಿ ಹೊರಟುಹೋದರು.

ಸಂಜೆ ಶಾಲೆ ಬಿಟ್ಟಮೇಲೆ ಟೀಚರ್ ಹೊಸ ಬಟ್ಟೆಗೆ ಅಳತೆ ಕೊಡಲು ಬಂದರು. ಪರದೆ ಎಳೆದು ಕೈ ಎತ್ತಿ ನಿಂತವರೇ, "ಎರಡು ದಿನದಿಂದ ಅಮ್ಮ ನನ್ನ ಹತ್ರಾನೇ ಬರ್ತಿಲ್ಲ ಟೇಪಕ್ಕ. ನಾನೇನು ತಪ್ಪು ಮಾಡಿದೆ ಅಂತಾನೇ ಗೊತ್ತಾಗ್ತಿಲ್ಲ," ಎಂದರು.

ಟೇಪಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಕೊರಳಿನ ಟೇಪನ್ನೂ ತೆಗೆದಿಟ್ಟಳು.

"ಕೈ ಇಳಿಸಿ, ಟೀಚರ್. ಮೊದಲು ನಾನು ಮಾಡಿದ್ದು ಕೇಳಿ. ಆಮೇಲೆ ನಿಮ್ಮ ಮೈ ಮುಟ್ಟಲೋ ಬೇಡವೋ, ನೀವೇ ಹೇಳಿ."