ಹೆಬ್ಬಾತು ತಲುಪುವ ಊರಿನ ಮೇಷ್ಟ್ರು

ನಮ್ಮ ಹಳೆಯ ಕಾವ್ಯದಲ್ಲಿ ಬರುವ ಹೂವು, ಹಕ್ಕಿ, ಚಂದ್ರ, ಹಿಮಗಳಿಗೆ ಅರ್ಥದ ಪಟ್ಟಿ ಮಾಡಿಕೊಟ್ಟ ವಿದ್ವಾಂಸರು ಚೀನಾದಲ್ಲಿ ಅನೇಕರಿದ್ದಾರೆ. ಆ ಪಟ್ಟಿಯನ್ನು ಮಡಿಸಿಟ್ಟು, ಮೊದಲು ಹಕ್ಕಿಯನ್ನು ನೋಡಿ ಬನ್ನಿ ಎಂದವರು, ನಾನು ಬಲ್ಲಂತೆ, ಶ್ರೀ ಫಾಂಗ್ ಶೂಹೆ ಒಬ್ಬರೇ. ಪೋಯಾಂಗ್ ಸರೋವರದ ದಡದ ನಮ್ಮ ಶಿಕ್ಷಕರ ಕಾಲೇಜಿನಲ್ಲಿ ಮೂವತ್ತಾರು ವರ್ಷ ಕಾವ್ಯ ಕಲಿಸಿ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರಿಗಿಂತ ಮೊದಲೇ ಸೇರಿ ಮೊದಲೇ ಬಿಡುಗಡೆಯಾದ ನನಗೆ ಅವರ ಅಭಿನಂದನ ಸಂಪುಟಕ್ಕೆ ಈ ನಾಲ್ಕು ಮಾತು ಬರೆಯುವ ಭಾಗ್ಯ ಸಿಕ್ಕಿದೆ.

ಬಂದ ಮೊದಲ ಚಳಿಗಾಲದಲ್ಲೇ ಅವರು ತರಗತಿಯನ್ನು ಜೌಗಿಗೆ ಕರೆದೊಯ್ದರು. ಒಬ್ಬ ಹುಡುಗಿಯ ಬಟ್ಟೆಯ ಬೂಟು ನೆನೆದದ್ದನ್ನು ಕಂಡು ತಮ್ಮ ರಬ್ಬರ್ ಬೂಟನ್ನು ಅವಳಿಗೆ ಕೊಟ್ಟು, ತಾವು ತಿಂಗಳಿಡೀ ಕೆಮ್ಮಿದರು. ಕೆಸರಿನಲ್ಲಿ ಮೇಯುತ್ತಿದ್ದ ಕ್ರೌಂಚಗಳನ್ನು ನೋಡಿ ಅವಳು ಕೇಳಿದ್ದನ್ನು ಅವರೇ ಬಂದು ಹೇಳಿದ್ದು ನನಗೆ ನೆನಪಿದೆ.

"ಮೇಷ್ಟ್ರೇ, ದೀರ್ಘಾಯುಸ್ಸಿನ ಚಿತ್ರದಲ್ಲಿ ಇವು ಪೈನ್ ಮರದ ಮೇಲೆ ಕೂತಿರ್ತಾವಲ್ಲ?"

"ಕೂತ್ರೆ ಜಾರಿ ಬೀಳ್ತಾವೆ ಕಣಮ್ಮ, ಆ ಕಾಲು ಕೆಸರಿಗೆ ಮಾಡಿದ್ದು. ಆದ್ರೂ ನಮ್ಮ ಜನ ಕೂರಿಸಿದಾರಲ್ಲ, ಯಾಕೆ? ಅದನ್ನ ಯೋಚ್ನೆ ಮಾಡು."

ಇಪ್ಪತ್ತೇಳು ವರ್ಷದ ಹಿಂದಿನ ಒಂದು ಬೇಸಿಗೆಯ ಸಂಗತಿಯನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಕಾಲೇಜು ಪ್ರವೇಶ ಪರೀಕ್ಷೆಯ ಉತ್ತರಗಳನ್ನು ತಿದ್ದಲು ನಾವಿಬ್ಬರೂ ಪ್ರಾಂತ್ಯದ ರಾಜಧಾನಿಗೆ ಹೋಗಿದ್ದೆವು. ಕೋಣೆಯ ನಡುವೆ ತಂಪಿಗೆಂದು ಇಟ್ಟ ಬೋಗುಣಿಯಲ್ಲಿ ಮಂಜುಗಡ್ಡೆ ಕರಗುತ್ತಿತ್ತು, ಪಕ್ಕದಲ್ಲಿ ತಣ್ಣನೆಯ ಹೆಸರುಕಾಳಿನ ಗಂಜಿ. ಪದ್ಯವೊಂದರಲ್ಲಿ ಪ್ರಯಾಣಿಕನೊಬ್ಬ ಸಂಜೆ ಹೆಬ್ಬಾತುಗಳನ್ನು, ಹಳೆಯ ಕಾವ್ಯದಲ್ಲಿ ಪತ್ರ ಹೊತ್ತು ತರುವ ಆ ವಲಸೆ ಹಕ್ಕಿಗಳನ್ನು, ಕಾಣುತ್ತಾನೆ. ಅವು ಏನನ್ನು ಸೂಚಿಸುತ್ತವೆ ಎಂಬುದು ಪ್ರಶ್ನೆ. ನಮಗೆ ಕೊಟ್ಟ ಮಾದರಿ ಉತ್ತರ: ಊರಿನ ಹಂಬಲ, ಬಾರದ ಪತ್ರ. ನಾಲ್ಕು ಅಂಕ. ಒಬ್ಬ ವಿದ್ಯಾರ್ಥಿ ಬರೆದದ್ದು ಹೀಗೆ: "ಭತ್ತ ಕೊಯ್ದ ಮೇಲೆ ಇವು ನಮ್ಮೂರಿಗೆ ಬಂದಿಳಿಯುತ್ತವೆ. ಅವು ತಲುಪಿದವು. ನೋಡುತ್ತಿದ್ದವನು ತಲುಪಿಲ್ಲ."

ಹಂಬಲ ಎಂಬ ಮಾತಿಲ್ಲ, ಪತ್ರ ಎಂಬ ಮಾತಿಲ್ಲ. ನಾನು ಸೊನ್ನೆ ಹಾಕಿ ಮುಂದಿನದಕ್ಕೆ ಕೈ ಹಾಕಿದೆ. ಎರಡನೆಯ ಸಲ ನೋಡುವವರು ಫಾಂಗ್; ಅವರು ನಾಲ್ಕಕ್ಕೆ ನಾಲ್ಕು ಕೊಟ್ಟರು.

ಗುಂಪಿನ ಮುಖ್ಯಸ್ಥರು ಹಾಳೆ ಹಿಡಿದು ಬಂದರು. "ಏನಯ್ಯಾ ಫಾಂಗ್, ಅರ್ಥ ಹೇಳೋಕೆ ಹೆಬ್ಬಾತನ್ನೇ ಕರ್ಸೋಣ್ವಾ? ಈ ಸೊನ್ನೆ ಯಾರ್ದು?"

ಉತ್ತರಪತ್ರಿಕೆಗಳ ಆ ಕಟ್ಟಿಗೆ ನಾನಿನ್ನೂ ಸಹಿ ಹಾಕಿರಲಿಲ್ಲ, ಹಾಗಾಗಿ ಸೊನ್ನೆ ಯಾರದೆಂದು ನೋಡಿ ತಿಳಿಯುವಂತಿರಲಿಲ್ಲ. ಬಾಯಿ ತೆರೆಯಬೇಕಾದವಳು ನಾನು, ತೆರೆಯಲಿಲ್ಲ.

"ನಂದೇ ಸಾರ್. ಅವಸರದಲ್ಲಿ ಹಾಕ್ಬಿಟ್ಟಿದ್ದೆ. ಆಮೇಲೆ ಓದ್ದೆ," ಎಂದರು ಫಾಂಗ್.

ಹಾಕಿದ ಅಂಕವನ್ನು ತಾವೇ ತಿದ್ದಿದರೆಂಬ ಆಕ್ಷೇಪ ಅವರ ಸೇವಾ ಕಡತ ಸೇರಿತು. ಮೂರನೆಯವರು ನೋಡಿ ಆ ಉತ್ತರಕ್ಕೆ ಮೂರು ಅಂಕ ಕೊಟ್ಟರು. ಹೆಸರು ಮುಚ್ಚಿ ಹೊಲಿದಿದ್ದರಿಂದ ಬರೆದವರು ಯಾರೆಂದು ನಮಗೆ ಇಂದಿಗೂ ತಿಳಿಯದು. ಊರಿಗೆ ಮರಳುವ ಬಸ್ಸಿನಲ್ಲಿ ನಾನು ಕೇಳಿದೆ, "ಯಾಕಪ್ಪಾ ಹಾಗಂದೆ?"

"ಯಾನ್ ಅಕ್ಕಾ, ಈ ವರ್ಷ ನಿಮ್ಮ ಹೆಸರು ಬಡ್ತಿ ಪಟ್ಟಿಲಿದೆ. ನಂದು ಬರೋ ವರ್ಷ ಬರತ್ತೆ ಬಿಡಿ, ಹೆಬ್ಬಾತಿನ ಹಾಗೆ."

ಕಡತದ ಆ ಮಾತಿನಿಂದಾಗಿ ಅವರ ಬಡ್ತಿ ಬಂದದ್ದು ಏಳು ವರ್ಷ ತಡವಾಗಿ. ನಾನು ಬಡ್ತಿ ಪಡೆದೆ, ಮರುವರ್ಷ ಅವರ ತರಗತಿಯ ಜೊತೆ ಜೌಗಿಗೂ ಹೋದೆ. ಆ ಸೊನ್ನೆ ನನ್ನದು. ಅವರ ಕಡತದಲ್ಲಿ ಅಲ್ಲವಾದರೂ ಅವರ ಹೆಸರಿನ ಈ ಪುಸ್ತಕದಲ್ಲಿ ಅದು ದಾಖಲಾಗಲಿ.

ಪ್ರಿಯ ಫಾಂಗ್, ನೀವು ಕಾಲು ಶತಮಾನದಿಂದ ಬರೆಯುತ್ತಿರುವ ಹಕ್ಕಿಗಳ ಟಿಪ್ಪಣಿ ಇನ್ನು ಪುಸ್ತಕವಾಗಲಿ, ಕೆಮ್ಮು ಹತ್ತಿರ ಸುಳಿಯದಿರಲಿ. ಸಮಿತಿಯವರು ಈ ಸಂಪುಟದ ಮುಖಪುಟಕ್ಕೆ ಪೈನ್ ಮರದ ಮೇಲೆ ಕ್ರೌಂಚವನ್ನು ಕೂರಿಸಿದ್ದಾರೆ. ಅದು ಕೂರಲಾರದೆಂದು ಬಲ್ಲ ನಾನೂ ಒಪ್ಪಿ, ಈ ಸಲ ಮರೆಯದೆ ಸಹಿ ಹಾಕಿದ್ದೇನೆ.