ಹಾಜರಿಯಲ್ಲಿ ನನ್ನ ಹೆಸರು ಬಿಟ್ಟುಹೋದ ದಿನ

ದೇವರು, ದೆವ್ವ ಎರಡರಲ್ಲೂ ನನಗೆ ನಂಬಿಕೆ ಇರಲಿಲ್ಲ. ನಂಬುವವರ ಕಾಲೆಳೆಯುವ ಚಟ ಬೇರೆ. ತೊಂಬತ್ತರ ದಶಕದಲ್ಲಿ ಒಂದು ದಿನ ಆ ಚಟಕ್ಕೆ ಸರಿಯಾಗಿ ಬಿಸಿ ಮುಟ್ಟಿತು.

ನನ್ನ ಹೆಂಡತಿಯ ಅಣ್ಣ ಮಂಜಣ್ಣ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು ಅವರ ಕೆಲಸ. ಮನಸ್ಸಿನ ಕಾಯಿಲೆ ಬಂದ ಮೇಲೆ ಗೋಣಿಬೀಡಿನ ನಮ್ಮ ಮನೆಯಲ್ಲೇ ಇದ್ದರು. ಚಿಕ್ಕಮಗಳೂರಿನ ಡಾಕ್ಟರು ಕೊಟ್ಟ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದರು, ಹಾಜರಿ ಮಾತ್ರ ಬಿಡಲಿಲ್ಲ. ದಿನಾ ಕಾಫಿ ಒಣಗಿಸುವ ಕಣದಲ್ಲಿ ನಿಂತು ದೇವರಿಗೆ ನಮ್ಮೆಲ್ಲರ ಹೆಸರು ಕೂಗಿ ಹೇಳುವರು. ಮನೆಯವರು, ಪೋಸ್ಟ್‌ಮ್ಯಾನ್, ಎರಡು ನಾಯಿ, ಯಾರನ್ನೂ ಬಿಡುತ್ತಿರಲಿಲ್ಲ.

"ದೇವ್ರಿಗೆ ವಯಸ್ಸಾಯ್ತು ಮಾರಾಯ, ಮರೆವು ಜಾಸ್ತಿ. ಅವ್ನು ಮರೆತ್ರೆ ಊರೇ ಮರೀತದೆ" ಎನ್ನುವರು.

"ಹಾಗಾದ್ರೆ ನಾಳೆ ನನ್ ಹೆಸ್ರು ಬಿಟ್ಬಿಡಿ ಭಾವ, ನೋಡೇ ಬಿಡೋಣ" ಎಂದೆ. ಬೇಡವೆಂದು ಕೈಮುಗಿದರು. ನಾನು ಹಟ ಹಿಡಿದು ಒಪ್ಪಿಸಿದೆ.

ಮರುದಿನ ಹೆಂಡತಿ ಎಲ್ಲರಿಗೂ ಕಾಫಿ ಕೊಟ್ಟಳು, ನನಗೆ ಕೊಡಲಿಲ್ಲ. ಮುನಿಸು ಅಂದುಕೊಂಡೆ. ಚಿಕ್ಕಮಗಳೂರಿನ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಎಡಬಲದವರಿಗೆ ಟಿಕೆಟ್ ಹರಿದು ನನ್ನನ್ನು ದಾಟಿ ಹೋದ. ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಹೋಟೆಲಿನಲ್ಲಿ ಮೂರು ಸಲ ಹೇಳಿದ ಮಸಾಲೆ ದೋಸೆ ಮೂರು ಸಲವೂ ಪಕ್ಕದವನ ಮುಂದೆ ಹೋಗಿ ಕೂತಿತು. ಆ ಪುಣ್ಯಾತ್ಮ ಮೂರನ್ನೂ ತಿಂದ.

ಸಂಜೆ ಹಸಿದುಕೊಂಡು ಬಂದು ಮನೆಯ ಬಾಗಿಲು ತಟ್ಟಿದೆ.

"ಯಾರು?" ಎಂದಳು ಹೆಂಡತಿ ಒಳಗಿನಿಂದ.

"ನಾನು ಕಣೇ."

"ನಾನು ಅಂದ್ರೆ?"

ಹೆಸರು ಹೇಳಿದೆ. "ಆ ಹೆಸ್ರಿನೋರು ಇಲ್ಲಿ ಯಾರೂ ಇಲ್ಲ" ಎಂದಳು.

ಹದಿನೆಂಟು ವರ್ಷ ಸಂಸಾರ ಮಾಡಿದವಳು! ನಿಜವಾಗಿಯೂ ಹೆದರಿದೆ. ಕಣಕ್ಕೆ ಓಡಿ ಭಾವನ ಎರಡೂ ಕೈ ಹಿಡಿದುಕೊಂಡೆ. ಅವರು ಆಕಾಶದ ಕಡೆ ತಿರುಗಿ ಒಮ್ಮೆ ನನ್ನ ಹೆಸರು ಕೂಗಿದರು. ತಕ್ಷಣ ಬಾಗಿಲು ತೆರೆದ ಹೆಂಡತಿ, "ಅಲ್ಲೇನು ನಿಂತಿದೀರಿ, ಬೆಳಿಗ್ಗೆಯಿಂದ ಎಲ್ಲಿ ಹೋಗಿದ್ರಿ?" ಎಂದು ಗದರಿದಳು. ನಾನು ಬಾಗಿಲು ತಟ್ಟಿದ್ದು ಅವಳಿಗೆ ಗೊತ್ತೇ ಇಲ್ಲವಂತೆ.

ಮರುದಿನ ಹಾಜರಿಗೆ ನಾನೂ ಹೋಗಿ ನಿಂತೆ. ನನ್ನ ಹೆಸರು ಬರುವವರೆಗೂ ಜೀವದಲ್ಲಿ ಜೀವ ಇರಲಿಲ್ಲ. ಎಲ್ಲರದೂ ಮುಗಿಯಿತು, ಭಾವನ ಹೆಸರು ಮಾತ್ರ ಬರಲಿಲ್ಲ.

"ನಿಮ್ದು?"

"ಹಾಜರಿ ಕೂಗೋನು ತನ್ ಹೆಸ್ರು ಕೂಗ್ತಾನಾ ಮಾರಾಯ? ಯಾವ ಎಸ್ಟೇಟಲ್ಲಿದೆ ಆ ರೂಲು?"

ಹಿಂದಿನ ತಿಂಗಳು ನಾವೆಲ್ಲ ಜೀಪು ಹತ್ತಿ ಮದುವೆಗೆ ಹೋಗಿದ್ದೆವು. ಅವರನ್ನು ಕರೆಯಬೇಕೆಂದು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅದರ ಹಿಂದಿನ ಮದುವೆಗೂ ಅಷ್ಟೇ. ನನಗೆ ನಾಚಿಕೆಯಾಯಿತು. ಗಂಟಲು ಸರಿಮಾಡಿಕೊಂಡು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡಿ, "ಮಂಜಣ್ಣ" ಎಂದು ಜೋರಾಗಿ ಕೂಗಿದೆ.

ಒಳಗಿನಿಂದ ಹೆಂಡತಿಯ ದನಿ ಬಂತು: "ಅಣ್ಣ, ಭಾನುವಾರದ ಮದುವೆಗೆ ನಿನ್ ಶರ್ಟೂ ಇಸ್ತ್ರಿ ಮಾಡ್ಬೇಕಲ್ಲ, ಕೊಡು."

ಕಾಕತಾಳೀಯ ಎನ್ನುವವರು ಎನ್ನಲಿ. ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನಂತೂ ಅಂದಿನಿಂದ ಒಂದು ಬೆಳಿಗ್ಗೆಯೂ ಅವರ ಹೆಸರು ತಪ್ಪಿಸಿಲ್ಲ.